ಬಿಸಿಲೂರಿನಲ್ಲಿ ಗ್ರೇಜಿಂಗ್ ಟೇಬಲ್ ಜೋಡಿಸುವುದು ಹೇಗೆ?

ಪ್ರಶ್ನೆ (ಬಳ್ಳಾರಿ):
ಮಗಳ ಹುಟ್ಟುಹಬ್ಬದ ಸಂಜೆ ನಮ್ಮ ಮಾಳಿಗೆಯ ಮೇಲೆ 40 ಮಂದಿ ಸೇರಲಿದ್ದಾರೆ. ಪಂಕ್ತಿ ಹಾಕಿ ಬಡಿಸುವ ಬದಲು, ಉದ್ದನೆಯ ಮೇಜಿನ ತುಂಬ ತಿನಿಸುಗಳನ್ನು ಹರಡಿ, ಬಂದವರು ಮಾತನಾಡುತ್ತಲೇ ಬೇಕಾದದ್ದನ್ನು ತೆಗೆದುಕೊಳ್ಳುವಂತೆ ಮಾಡಬೇಕೆಂದಿದ್ದೇನೆ. ಇಂಥ ‘ಗ್ರೇಜಿಂಗ್ ಟೇಬಲ್’ಗಳ ಚಿತ್ರಗಳಲ್ಲಿ ಕಾಣುವ ಚೀಸು ನಮ್ಮ ಸೆಕೆಗೆ ತಡೆಯಲಾರದು. ಬದಲಿಗೆ ಏನಿಡಬಹುದು?

ಉತ್ತರ (ಸಿಂಧನೂರು):
ಚೀಸನ್ನು ಬಿಟ್ಟುಬಿಡಿ, ಎಳ್ಳು ಹಚ್ಚಿದ ಕಡಕ್ ಸಜ್ಜೆ ರೊಟ್ಟಿ ಇರುವಾಗ ಬಿಸ್ಕತ್ತೂ ಬೇಡ. ಮೊದಲು ಬಟ್ಟಲುಗಳನ್ನು ದೂರದೂರಕ್ಕೆ ಇಟ್ಟು, ಅವುಗಳಲ್ಲಿ ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಮೊಸರಿನಲ್ಲಿ ಕಲಸಿದ ಶೇಂಗಾ ಚಟ್ನಿಪುಡಿ ತುಂಬಿ, ಸುತ್ತಲೂ ಅಂಗೈಯಗಲಕ್ಕೆ ಮುರಿದ ರೊಟ್ಟಿಯನ್ನು ಒರಗಿಸಿ, ಉಳಿದ ಸಂದುಗಳಿಗೆ ಹುರಿದ ಶೇಂಗಾ, ದ್ರಾಕ್ಷಿ, ಶೇಂಗಾ ಹೋಳಿಗೆಯ ತುಂಡುಗಳನ್ನು ಸೇರಿಸಿರಿ. ಕೋಸಂಬರಿಗೆ ಮಾತ್ರ ಕೊನೆಯಲ್ಲಿ ಉಪ್ಪು ಹಾಕಬೇಕು. ನಾನು ಬೆಳಿಗ್ಗೆಯೇ ಹಾಕಿಟ್ಟಿದ್ದರಿಂದ ಸೌತೆಕಾಯಿ ನೀರುಬಿಟ್ಟು, ಪಕ್ಕದ ರೊಟ್ಟಿಯೆಲ್ಲ ಚರ್ಮದಂತೆ ನಾರಾಗಿತ್ತು.

ಉತ್ತರ (ಗಂಗಾವತಿ):
ಮೊಸರು ಬೆರೆತದ್ದನ್ನೂ ಹೆಚ್ಚಿದ ಹಣ್ಣನ್ನೂ ಹೊರಗೆ 2 ಗಂಟೆಗಿಂತ ಹೆಚ್ಚು ಇಡಬಾರದು. ಸೆಕೆ 32 ಡಿಗ್ರಿ ದಾಟಿದ್ದರೆ 1 ಗಂಟೆ ಸಾಕು. ಆದ್ದರಿಂದ ಚಿಕ್ಕ ಬಟ್ಟಲುಗಳಲ್ಲಿಟ್ಟು, ಖಾಲಿಯಾದಂತೆ ಫ್ರಿಜ್ಜಿನಿಂದ ಹೊಸ ಬಟ್ಟಲನ್ನೇ ತನ್ನಿರಿ, ಹಳೆಯದರ ಮೇಲೆ ಸುರಿಯಬೇಡಿರಿ. ಮಿರ್ಚಿ ಬಜ್ಜಿ, ಮಂಡಕ್ಕಿ ಒಗ್ಗರಣೆಗಳನ್ನು ಮೇಜಿಗೆ ತರುವುದೇ ಬೇಡ. ನೆನೆದ ಮಂಡಕ್ಕಿ ಆರಿದರೆ ರುಚಿಯಿಲ್ಲ. ಮೂಲೆಯಲ್ಲಿ ಒಲೆ ಹೂಡಿ ಬಿಸಿಬಿಸಿ ಕೊಡಿಸಿರಿ.

ಪ್ರಶ್ನೆ ಕೇಳಿದವರು:
ಒಲೆಗೆ ಅಡುಗೆಯವರನ್ನು ಗೊತ್ತುಮಾಡಿದೆ. ಎರಡೂ ಕಡೆಯಿಂದ ಕೈ ಎಟುಕಲೆಂದು ಮೇಜನ್ನು ಗೋಡೆಯಿಂದ ಸರಿಸಿದ್ದೇನೆ.