ಹಳ್ಳಿ ಕಡೆ ಗಾಜು ಒರೆಸುವ ಕೆಲಸಕ್ಕೆ ಗಿರಾಕಿ ಸಿಗುತ್ತಾರೆಯೇ? ಕಲಬುರಗಿ ಸುತ್ತಿನವರ ಅನುಭವ

ಪ್ರಶ್ನೆ: ಚಿತ್ತಾಪುರ ತಾಲ್ಲೂಕಿನಿಂದ

ಹೈದರಾಬಾದಿನ ಗಚ್ಚಿಬೌಲಿ ಕಡೆ ಬಹುಮಹಡಿ ಕಟ್ಟಡಗಳ ಗಾಜು ತೊಳೆಯುವ ಗುತ್ತಿಗೆದಾರರ ಬಳಿ ಕೆಲವು ವರ್ಷ ದುಡಿದು ಈಗ ಊರಿಗೆ ಮರಳಿದ್ದೇನೆ. ತಾಯಿಯನ್ನು ಒಬ್ಬಳನ್ನೇ ಬಿಟ್ಟು ಮತ್ತೆ ಹೋಗುವ ಮನಸ್ಸಿಲ್ಲ. ಕೆಲಸ ಗೊತ್ತಿದೆ. ರಬ್ಬರ್ ವೈಪರ್, ಉದ್ದನೆಯ ಕೋಲು, ಏಣಿ, ಹಳೆಯದೊಂದು ಬೈಕ್ ಇವೆ. ಇಲ್ಲದಿರುವುದು ಗಿರಾಕಿಗಳು ಮಾತ್ರ. ಊರಿನಲ್ಲಿ ವಿಷಯ ತೆಗೆದರೆ "ಕಿಟಕಿ ಒರೆಸಿದ್ದಕ್ಕೆ ಯಾರು ರೊಕ್ಕ ಕೊಡುತ್ತಾರೆ" ಎಂದು ನಗುತ್ತಾರೆ. ಕಲಬುರಗಿ ನಗರದಲ್ಲಿ ಬಾಡಿಗೆ ಮನೆ ಹಿಡಿಯದೆ, ಹಳ್ಳಿ ಮತ್ತು ಸಣ್ಣ ಪಟ್ಟಣಗಳನ್ನೇ ನೆಚ್ಚಿಕೊಂಡು ಈ ಕೆಲಸ ನಡೆಸಬಹುದೇ? ಮಾಡಿದವರು, ಮಾಡಿಸಿದವರು ಇದ್ದರೆ ತಿಳಿಸಿ.

ಸೇಡಂನಿಂದ

ನಗುವವರ ಮೇಲೆ ಸಿಟ್ಟಾಗಬೇಡಿ, ಅವರು ಹೇಳುತ್ತಿರುವುದು ಅರ್ಧ ನಿಜ. ನಮ್ಮ ಕಡೆಯ ಮನೆಗಳಲ್ಲಿ ಪಂಚಮಿಗೋ ದೀಪಾವಳಿಗೋ ಸುಣ್ಣಬಣ್ಣ ಹಚ್ಚುವಾಗ ಕಿಟಕಿಗಳನ್ನೂ ಮನೆಯವರೇ ತೊಳೆದು ಮುಗಿಸುತ್ತಾರೆ. ಆದ್ದರಿಂದ ಮನೆಗಳ ಬಾಗಿಲು ತಟ್ಟುವುದರಿಂದ ಆರಂಭಿಸಬೇಡಿ. ಗಾಜು ಕೊಳೆಯಾದರೆ ಯಾರ ವ್ಯಾಪಾರಕ್ಕೆ ಪೆಟ್ಟು ಬೀಳುತ್ತದೆಯೋ ಅವರ ಬಳಿಗೆ ಹೋಗಿ: ಬೈಕ್ ಶೋರೂಂ, ಬಂಗಾರದ ಅಂಗಡಿ, ಬಟ್ಟೆ ಅಂಗಡಿ, ಬೇಕರಿ, ಖಾಸಗಿ ಆಸ್ಪತ್ರೆ, ಪೆಟ್ರೋಲ್ ಬಂಕ್. ಈಗ ಹೋಬಳಿ ಕೇಂದ್ರಗಳಲ್ಲಿಯೂ ಇಂತಹ ಗಾಜಿನ ಮುಂಗಟ್ಟುಗಳು ಎದ್ದಿವೆ.

ನೀವಿರುವ ಜಾಗವೂ ಒಳ್ಳೆಯದೇ. ವಾಡಿ, ಶಹಾಬಾದ್, ಮಳಖೇಡ, ಸೇಡಂ ಎಂದರೆ ಸಿಮೆಂಟ್ ಕಾರ್ಖಾನೆ, ಕಲ್ಲಿನ ಗಣಿ, ಹಗಲಿರುಳು ಓಡುವ ಲಾರಿಗಳು. ಇಲ್ಲಿ ಬೆಳಿಗ್ಗೆ ಒರೆಸಿದ ಗಾಜಿನ ಮೇಲೆ ಸಂಜೆ ಬೆರಳಿನಿಂದ ಹೆಸರು ಬರೆಯಬಹುದು. ಆರೋಗ್ಯಕ್ಕೆ ಕೆಟ್ಟದ್ದು, ನಮ್ಮ ಕಸುಬಿಗೆ ಒಳ್ಳೆಯದು, ಏನು ಮಾಡುವುದು.

ಮೊದಲ ಗಿರಾಕಿಯನ್ನು ಮಾತಿನಿಂದ ಒಪ್ಪಿಸಲು ಹೋಗಬೇಡಿ. ಅಂಗಡಿಯ ಮುಂದಿನ ಒಂದು ಗಾಜಿನ ಎಡ ಅರ್ಧವನ್ನು ಮಾತ್ರ ಒರೆಸಿ ಮಾಲೀಕನನ್ನು ಹೊರಗೆ ಕರೆದು ತೋರಿಸಿ. ಉಳಿದ ಅರ್ಧವನ್ನು ಹಾಗೆಯೇ ಬಿಟ್ಟು ಹೋಗಲು ಯಾರೂ ಬಿಡುವುದಿಲ್ಲ. ಅದಾದ ಮೇಲೆ ದರ ಹೇಳಿ, ಒಂದು ಸಲದ ದರವನ್ನಲ್ಲ, ವಾರಕ್ಕೊಮ್ಮೆ ಬಂದರೆ ತಿಂಗಳಿಗೆ ಎಷ್ಟು ಎಂಬುದನ್ನು. ನನಗೆ ಅಂಗಡಿಯ ಅಳತೆ ನೋಡಿ ತಿಂಗಳಿಗೆ 300ರಿಂದ 600 ರೂಪಾಯಿ ಸಿಗುತ್ತದೆ. ಸಣ್ಣ ಮೊತ್ತ ಎನಿಸಬಹುದು. ಆದರೆ ಒಂದೇ ಸಾಲಿನಲ್ಲಿ ಐದಾರು ಅಂಗಡಿ ಸಿಕ್ಕರೆ ಬೈಕ್ ಒಮ್ಮೆ ನಿಲ್ಲಿಸಿದರೆ ಸಾಕು.

ನಿಜವಾದ ಲೆಕ್ಕ ಇರುವುದು ಅಲ್ಲಿಯೇ. ಹಳ್ಳಿ ಕಡೆಯ ಈ ಕೆಲಸದಲ್ಲಿ ಲಾಭವನ್ನು ತಿನ್ನುವುದು ಪೆಟ್ರೋಲ್. ಯಾದಗಿರಿಯಿಂದ ಒಬ್ಬರು, ಕಾಳಗಿಯಿಂದ ಇನ್ನೊಬ್ಬರು ಕರೆದರೆಂದು ಎರಡೂ ಕಡೆ ಓಡಿದರೆ ದಿನದ ಕೊನೆಗೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಒಂದು ದಿನಕ್ಕೆ ಒಂದೇ ರಸ್ತೆ ಎಂದು ಗೊತ್ತುಮಾಡಿಕೊಳ್ಳಿ. ಸೋಮವಾರ ವಾಡಿ, ಮಂಗಳವಾರ ಚಿತ್ತಾಪುರ ಪೇಟೆ, ಬುಧವಾರ ಮಳಖೇಡ ಹೀಗೆ. ಹೊಸ ಗಿರಾಕಿ ಗುರುವಾರ ಬರಲು ಹೇಳಿದರೂ "ನಿಮ್ಮ ಊರಿಗೆ ನಾನು ಬರುವುದು ಬುಧವಾರ" ಎನ್ನಿ. ಜನ ಅದಕ್ಕೆ ಬೇಗ ಹೊಂದಿಕೊಳ್ಳುತ್ತಾರೆ, ಸಂತೆಯ ದಿನಕ್ಕೆ ಹೊಂದಿಕೊಂಡ ಜನ ನಾವು. ಅಂದ ಹಾಗೆ, ಸಂತೆಯ ದಿನವೇ ಆ ಊರಿಗೆ ಹೋಗಬೇಡಿ. ಅಂಗಡಿಯವನಿಗೆ ತಲೆ ಎತ್ತಲು ಪುರಸೊತ್ತಿರುವುದಿಲ್ಲ, ಏಣಿ ಇಡಲು ಜಾಗವೂ ಇರುವುದಿಲ್ಲ.

ಶಹಾಬಾದಿನಿಂದ

ನಾನು ಕಲ್ಲು ಪಾಲಿಶ್ ಘಟಕದಲ್ಲಿದ್ದವನು, ಗಾಜಿನ ಕೆಲಸ ಗೊತ್ತಿಲ್ಲ. ಆದರೆ ಕಲ್ಲು, ನೀರು ಎರಡೂ ಗೊತ್ತು, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ನೆಲದಡಿ ಇರುವುದು ಸುಣ್ಣದ ಕಲ್ಲು. ಬೋರಿನ ನೀರು ಗಡಸು. ಆ ನೀರಿನಿಂದ ಗಾಜು ತೊಳೆದು ಒಣಗಲು ಬಿಟ್ಟರೆ ನೀರು ಹಾರಿ ಸುಣ್ಣ ಉಳಿಯುತ್ತದೆ, ಬಿಳಿಯ ಚುಕ್ಕೆಗಳು ಅದೇ. ಹೈದರಾಬಾದಿನ ಕಂಪನಿಯಲ್ಲಿ ನಿಮಗೆ ಶುದ್ಧೀಕರಿಸಿದ ನೀರು ಕೊಟ್ಟಿರಬಹುದು. ಇಲ್ಲಿ ಮೊದಲು ಬೋರಿನ ನೀರಿನಲ್ಲಿ ಧೂಳು ಇಳಿಸಿ, ಕೊನೆಯ ತೊಳೆತಕ್ಕೆ ಮಾತ್ರ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರು ಬಳಸಿ. ನಮ್ಮಲ್ಲಿ ಐದು ರೂಪಾಯಿಗೆ 20 ಲೀಟರ್ ಸಿಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಒಂದು ಕ್ಯಾನ್‌ಗಿಂತ ಹೆಚ್ಚು ಹಿಡಿಯಬೇಡಿ. ಜನ ಕೊಡ ಹಿಡಿದು ಸಾಲಿನಲ್ಲಿ ನಿಂತಿರುವಾಗ ನೀವು ಕಿಟಕಿಗೆಂದು ನೀರು ತುಂಬಿಸಿದರೆ ಆ ಊರಿನಲ್ಲಿ ಮತ್ತೆ ಕಾಲಿಡುವುದು ಕಷ್ಟ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಹಳೆಯ ಸುಣ್ಣದ ಕಲೆ ತೆಗೆಯಲು ಕೆಲವರು ವಿನಿಗರ್, ನಿಂಬೆ ಉಪ್ಪು, ಇನ್ನೂ ಕೆಲವರು ಶೌಚಾಲಯ ತೊಳೆಯುವ ಆ್ಯಸಿಡ್ ಬಳಸುತ್ತಾರೆ. ನಮ್ಮ ಕಡೆಯ ಕಿಟಕಿಗಳ ಕೆಳಗೆ ಇರುವುದು ಶಹಾಬಾದಿ ಕಲ್ಲಿನ ಪಟ್ಟಿ. ಅದೂ ಸುಣ್ಣದ ಕಲ್ಲೇ. ಹುಳಿ ಯಾವುದೇ ಇರಲಿ, ಅದರ ಮೇಲೆ ಬಿದ್ದರೆ ನೊರೆ ಏಳುತ್ತದೆ, ಪಾಲಿಶ್ ಹೋಗಿ ಬಿಳಿಚಿಕೊಳ್ಳುತ್ತದೆ. ಮತ್ತೆ ಉಜ್ಜದೆ ಅದು ಸರಿಹೋಗುವುದಿಲ್ಲ. ಹುಳಿ ಬಳಸಲೇಬೇಕಾದರೆ ಬಟ್ಟೆಗೆ ಹಚ್ಚಿ ಗಾಜಿಗಷ್ಟೇ ಒತ್ತಿ, ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ. ಆ್ಯಸಿಡ್ ಅಂತೂ ಮುಟ್ಟಲೇಬೇಡಿ, ಅಲ್ಯುಮಿನಿಯಂ ಚೌಕಟ್ಟೂ ಹಾಳಾಗುತ್ತದೆ. ಸಿಮೆಂಟ್ ಧೂಳನ್ನು ಒಣ ಬಟ್ಟೆಯಿಂದ ಉಜ್ಜುವುದೂ ಬೇಡ, ಗೀರು ಬೀಳುತ್ತದೆ.

ಹುಮನಾಬಾದಿನಿಂದ

ನನ್ನದು ಹೆದ್ದಾರಿಯ ಪಕ್ಕದ ಢಾಬಾ. ಮಾಡಿಸುವವನ ಮಾತು ಕೇಳಿ. ಗಾಜು ಒರೆಸಲು ನಮ್ಮ ಹುಡುಗರೇ ಇದ್ದಾರೆ, ಆದರೆ ಅವರ ಕೈ ಎಟುಕುವವರೆಗೆ ಮಾತ್ರ ಗಾಜು ಸ್ವಚ್ಛ. ಮೇಲಿನ ಭಾಗ, ಬೋರ್ಡು, ಎಣ್ಣೆ ಹೊಗೆ ಹಿಡಿದ ಅಡುಗೆ ಕೋಣೆಯ ಕಿಟಕಿ ಇವುಗಳಿಗಾಗಿ ಹೊರಗಿನವರನ್ನು ಕರೆಯುತ್ತೇನೆ. ಬೆಳಿಗ್ಗೆ ಏಳರ ಒಳಗೆ ಬನ್ನಿ, ತಿಂಡಿಗೆ ಬಸ್ಸು ನಿಲ್ಲುವ ಮೊದಲು ಮುಗಿಸಿ. ಹೇಳಿದ ದಿನ ಬರದಿದ್ದರೆ ಫೋನ್ ಮಾಡಿ ತಿಳಿಸಿ. ಇಷ್ಟು ಮಾಡಿದರೆ ದರದಲ್ಲಿ ಚೌಕಾಸಿ ಮಾಡುವುದಿಲ್ಲ.

ಆಳಂದ ಕಡೆಯಿಂದ

ಮೊದಲು ಬರೆದವರು ಮನೆಗಳನ್ನು ಬಿಟ್ಟುಬಿಡಿ ಎಂಬಂತೆ ಹೇಳಿದ್ದಾರೆ. ನಾನು ಒಪ್ಪುವುದಿಲ್ಲ. ನಾನು, ನನ್ನ ಗಂಡ ಇಬ್ಬರೂ ಸೇರಿ ಮನೆಗಳ ಕೆಲಸವನ್ನೇ ಮಾಡುತ್ತೇವೆ, ಅಂಗಡಿಗಳು ನಂತರ ಬಂದವು. ಹಗಲಿನಲ್ಲಿ ಹಳ್ಳಿಯ ಮನೆಗಳಲ್ಲಿ ಇರುವುದು ಹೆಣ್ಣುಮಕ್ಕಳು, ಮುದುಕರು. ಗುರುತಿಲ್ಲದ ಗಂಡಸು ಏಣಿ ಹಿಡಿದು ಬಂದರೆ ಅಂಗಳದಿಂದಲೇ ಕಳಿಸುತ್ತಾರೆ. ಒಳಗಿನ ಗಾಜು ನಾನು, ಹೊರಗಿನದು ಅವರು ಎಂದು ಹಂಚಿಕೊಂಡ ಮೇಲೆ ಬಾಗಿಲು ತೆರೆದವು. ನಿಮ್ಮ ಮನೆಯಲ್ಲಿ ಅಕ್ಕತಂಗಿಯರು ಯಾರಾದರೂ ಜೊತೆಗೆ ಬರುವಂತಿದ್ದರೆ ಕೇಳಿ ನೋಡಿ, ಕೂಲಿಯನ್ನು ಸರಿಪಾಲು ಕೊಡಿ.

ಇದನ್ನೂ ಹೇಳಿಬಿಡುತ್ತೇನೆ: ಕೆಲವು ಊರುಗಳಲ್ಲಿ ಒಳಗೆ ಬಿಡುವ ಮೊದಲು "ನೀವು ಯಾವ ಪೈಕಿ" ಎಂದು ಕೇಳುತ್ತಾರೆ. ನಾವು ಉತ್ತರ ಕೊಡುವುದಿಲ್ಲ, ಬಕೆಟ್ ಎತ್ತಿಕೊಂಡು ಮುಂದಿನ ಮನೆಗೆ ಹೋಗುತ್ತೇವೆ. ಅಂತಹ ಮನೆಯ ಹಣ ಬಿಟ್ಟರೆ ನಷ್ಟವೇನಿಲ್ಲ.

ಮನೆಗಳಲ್ಲಿ ಮೂರು ಬಗೆಯವು ಕೆಲಸ ಕೊಡುತ್ತವೆ. ಹೊಸದಾಗಿ ಕಟ್ಟಿ ಗೃಹಪ್ರವೇಶಕ್ಕೆ ಕಾದಿರುವ ಮನೆ ಮೊದಲನೆಯದು. ಅಲ್ಲಿ ಗಾಜಿನ ತುಂಬ ಬಣ್ಣದ ಹನಿ, ಸಿಮೆಂಟಿನ ಕಲೆ, ಅಂಟು ಕಾಗದ ಇರುತ್ತವೆ. ಮನೆಯವರಿಗೆ ನೂರು ಕೆಲಸ, ದರ ಕೇಳದೆಯೇ ಒಪ್ಪುತ್ತಾರೆ. ಇವರ ವಿಳಾಸ ಕೊಡುವವರು ಅಲ್ಯುಮಿನಿಯಂ ಕಿಟಕಿ ಕೂರಿಸುವ ಅಂಗಡಿಯವರು ಮತ್ತು ಪೇಂಟರ್‌ಗಳು. ನಮಗೆ ಬರುವ ಒಳ್ಳೆಯ ಕೆಲಸಗಳೆಲ್ಲ ಹೆಚ್ಚುಕಡಿಮೆ ಅವರ ಕೈಯಿಂದಲೇ ಬಂದಿವೆ, ಚಹಾದ ಖರ್ಚಿಗೆಂದು ಅವರಿಗೂ ಸ್ವಲ್ಪ ಕೊಡುತ್ತೇವೆ. ಎರಡನೆಯದು ಪುಣೆ, ಸೊಲ್ಲಾಪುರ, ಬೆಂಗಳೂರಿನಲ್ಲಿರುವವರ ಬೀಗ ಹಾಕಿದ ಮನೆಗಳು. ಜಾತ್ರೆಗೆ ಬರುವ ಒಂದು ವಾರ ಮೊದಲು ಬೀಗದ ಕೈ ಇಟ್ಟುಕೊಂಡ ನೆಂಟರ ಮೂಲಕ ಕರೆ ಬರುತ್ತದೆ. ಮುಗಿದ ಮೇಲೆ ವಿಡಿಯೊ ಕಳಿಸಿದರೆ ಹಣ ಮೊಬೈಲಿಗೇ ಬರುತ್ತದೆ. ಹೋಳಿಯ ನಂತರದ ಶರಣಬಸವೇಶ್ವರರ ಜಾತ್ರೆ, ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ, ಸಂಕ್ರಾಂತಿಗೆ ಯಾದಗಿರಿಯ ಮೈಲಾಪುರ ಜಾತ್ರೆ, ನಿಮ್ಮ ಊರಿನ ಜಾತ್ರೆ ಎಲ್ಲವನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಳ್ಳಿ. ಗಾಣಗಾಪುರದ ಲಾಡ್ಜ್‌ಗಳಿಗೆ ದತ್ತ ಜಯಂತಿಗೆ ಮೊದಲೇ ಹೋಗಿ ಮಾತನಾಡಿ. ಮೂರನೆಯದು ಮಕ್ಕಳು ಹೊರಗಿದ್ದು ವಯಸ್ಸಾದವರಷ್ಟೇ ಇರುವ ಮನೆ.

ತೊಗರಿ ಬೆಳೆದವರ ಮನೆಯಾದರೆ ಡಿಸೆಂಬರಿನಲ್ಲಿ ಹೋಗಬೇಡಿ. ರಾಶಿಯ ಗಡಿಬಿಡಿ ಇರುತ್ತದೆ, ಕೈಯಲ್ಲಿ ರೊಕ್ಕ ಇರುವುದಿಲ್ಲ. ತೊಗರಿ ಮಾರಿದ ಮೇಲೆ, ಫೆಬ್ರುವರಿಯಲ್ಲಿ ಅದೇ ಮನೆಯವರು ತಾವೇ ಕರೆಯುತ್ತಾರೆ.

ಶಹಾಪುರದಿಂದ

ಕಿಟಕಿ ಒರೆಸುವವರು ಸೋಲಾರ್ ಫಲಕಗಳನ್ನು ಬಿಡಬಾರದು. 2024ರಲ್ಲಿ ಮನೆಗಳ ಮಾಳಿಗೆ ಮೇಲೆ ಸೋಲಾರ್ ಹಾಕಿಸಲು ಕೇಂದ್ರ ಸರ್ಕಾರದ ಪಿಎಂ ಸೂರ್ಯ ಘರ್ ಯೋಜನೆ ಬಂದಿತು, 3 ಕಿಲೋವಾಟ್ ಘಟಕಕ್ಕೆ 78,000 ರೂಪಾಯಿ ಸಹಾಯಧನ ಇದೆ. ಹಾಕಿಸಿಕೊಂಡವರು ಮಾಳಿಗೆ ಹತ್ತಿ ತೊಳೆಯುವುದಿಲ್ಲ, ವಿದ್ಯುತ್ ಕಡಿಮೆ ಬಂದಾಗ ಕಂಪನಿಯನ್ನು ಬೈಯುತ್ತಾರೆ. ಅವರಿಗೆ ಇನ್‌ವರ್ಟರಿನಲ್ಲಿ ಕಾಣುವ ಅಂಕಿಯನ್ನು ತೊಳೆಯುವ ಮೊದಲು ಒಮ್ಮೆ, ಮರುದಿನ ಅದೇ ಹೊತ್ತಿಗೆ ಇನ್ನೊಮ್ಮೆ ತೋರಿಸಿ, ಬಿಸಿಲು ಎರಡೂ ದಿನ ಒಂದೇ ತರಹ ಇರಬೇಕು. ಬೇರೆ ಪ್ರಚಾರ ಬೇಕಾಗಿಲ್ಲ. ತೊಳೆಯುವುದು ಸೂರ್ಯ ಏರುವ ಮೊದಲು. ಕಾದ ಫಲಕಕ್ಕೆ ತಣ್ಣೀರು ಎರಚಿದರೆ ಗಾಜು ಸೀಳಬಹುದು. ಮೃದು ಬ್ರಷ್ ಸಾಕು. ಫಲಕದ ಮೇಲೆ ಕಾಲಿಡಬೇಡಿ, ವೈರ್ ಹರಿದಿದ್ದರೆ ಮುಟ್ಟದೆ ಹಾಕಿದವರಿಗೆ ತಿಳಿಸಿ.

ಭಾಲ್ಕಿಯಿಂದ

ಬ್ಯಾಂಕು, ಕಚೇರಿಗಳ ಆಸೆಗೆ ಬೀಳಬೇಡಿ ಎಂದಷ್ಟೇ ಹೇಳುತ್ತೇನೆ. ಸ್ವಚ್ಛತೆಯ ಗುತ್ತಿಗೆ ಮೇಲಿನಿಂದಲೇ ಏಜೆನ್ಸಿಗೆ ಹೋಗಿರುತ್ತದೆ, ನೀವು ಅವರ ಕೆಳಗಿನ ಕೂಲಿಯಾಗುತ್ತೀರಿ, ಹಣಕ್ಕಾಗಿ ತಿಂಗಳುಗಟ್ಟಲೆ ಅಲೆಯುತ್ತೀರಿ. ಇನ್ನು ಭಾಷೆ: ನಮ್ಮ ಕಡೆ ಮರಾಠಿ, ಗುರುಮಠಕಲ್ ಕಡೆ ತೆಲುಗು, ಪೇಟೆಗಳಲ್ಲಿ ಉರ್ದು. ಹೈದರಾಬಾದಿನಲ್ಲಿ ಇದ್ದವರಿಗೆ ಎರಡು ಭಾಷೆಗಳಂತೂ ಬಂದಿರುತ್ತವೆ, ಅದನ್ನು ಬಳಸಿಕೊಳ್ಳಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಶರಣು. ತಂಗಿಯನ್ನು ಕೇಳಿದೆ, ದ್ವಿಚಕ್ರ ವಾಹನದ ಲೈಸೆನ್ಸ್ ಮಾಡಿಸಿಕೊಟ್ಟರೆ ಬರುತ್ತೇನೆ ಎಂದಿದ್ದಾಳೆ. ಎರಡು ಸಂದೇಹ ಉಳಿದಿವೆ. ಮಳೆಗಾಲದಲ್ಲಿ ಏನು ಮಾಡುತ್ತೀರಿ? ಕಿಟಕಿಗಳಿಗೆ ಕಬ್ಬಿಣದ ಜಾಲರಿ ಇದ್ದರೆ ನನ್ನ ದೊಡ್ಡ ವೈಪರ್ ಒಳಗೆ ಹೋಗುವುದಿಲ್ಲ.

ಸೇಡಂನಿಂದ ಮತ್ತೆ

ತಂಗಿಯ ಷರತ್ತು ನ್ಯಾಯವಾಗಿದೆ. ಜಾಲರಿಗೆ ಆರು ಅಂಗುಲದ ಚಿಕ್ಕ ವೈಪರ್ ಕೊಳ್ಳಿ. ಜಾರುವ ಬಾಗಿಲಿನ ಕಿಟಕಿಯಾದರೆ ಆ ಗಾಜಿನ ಬಾಗಿಲನ್ನು ಮೇಲಕ್ಕೆತ್ತಿ ಹಳಿಯಿಂದ ಬಿಡಿಸಿ ಅಂಗಳದಲ್ಲಿಟ್ಟು ತೊಳೆಯಬಹುದು, ಹಳಿಯಲ್ಲಿ ತುಂಬಿದ ಎರೆಮಣ್ಣು ತೆಗೆಯಲೂ ಅನುಕೂಲ. ಬಿಡಿಸುವ ಮೊದಲು ಗಾಜು ಸಡಿಲವಾಗಿದೆಯೇ ಎಂದು ಮನೆಯವರ ಎದುರಿನಲ್ಲೇ ಅಲುಗಿಸಿ ನೋಡಿ.

ಮಳೆಗಾಲದಲ್ಲಿ ಅಂಗಡಿಗಳ ಕೆಲಸ ನಿಲ್ಲುವುದಿಲ್ಲ, ಕೆಸರು ಸಿಡಿದು ಕೆಳಭಾಗ ಹಾಳಾಗುತ್ತದೆ. ಹೊರಗಿನ ದರವನ್ನು ಅರ್ಧ ಇಳಿಸಿ ಒಳಗಿನ ಗಾಜು, ಫ್ಯಾನು, ಟ್ಯೂಬ್‌ಲೈಟ್ ಸೇರಿಸಿಕೊಳ್ಳಿ. ಒದ್ದೆ ನೆಲದಲ್ಲಿ ಏಣಿ ಹಾಕುವಾಗ ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿ ಹೊರಗೆ ಬುಡ ಇರಲಿ. ನಿಮ್ಮ ಉದ್ದನೆಯ ಕೋಲು ಅಲ್ಯುಮಿನಿಯಂನದಾಗಿದ್ದರೆ ಹಳ್ಳಿಗಳಲ್ಲಿ ಅದನ್ನು ಎತ್ತುವ ಮೊದಲು ತಲೆ ಮೇಲೆ ನೋಡಿ. ಕಂಬದಿಂದ ಮನೆಗೆ ಎಳೆದ ವೈರ್‌ಗಳು ಇಲ್ಲಿ ಕಿಟಕಿಯ ಪಕ್ಕದಲ್ಲಿಯೇ ಜೋತುಬಿದ್ದಿರುತ್ತವೆ, ಹೈದರಾಬಾದಿನ ಆ ಗಾಜಿನ ಗೋಡೆಗಳ ಬಳಿ ನಿಮಗೆ ಆ ಭಯ ಇದ್ದಿರಲಿಕ್ಕಿಲ್ಲ.