ಪುಂಟಾ ಟೊಂಬೊದಲ್ಲಿ ಪೆಂಗ್ವಿನ್ ಫೋಟೋ: ಯಾವ ಲೆನ್ಸ್ ಒಯ್ಯಲಿ?

ಕಾವೇರಿತೀರ:
ನಮಸ್ಕಾರ. ಕೆಲಸದ ಮೇಲೆ ನವೆಂಬರ್ ಕೊನೆಗೆ ಬ್ಯೂನಸ್ ಐರಿಸ್‌ಗೆ ಹೋಗುತ್ತಿದ್ದೇನೆ. ಅಲ್ಲಿಂದ ಟ್ರೆಲೆವ್‌ಗೆ ವಿಮಾನ, ಆಮೇಲೆ ಬಾಡಿಗೆ ಕಾರಿನಲ್ಲಿ ಪುಂಟಾ ಟೊಂಬೊ, ಅಂದರೆ ಅರ್ಜೆಂಟೀನಾದ ದಕ್ಷಿಣಕ್ಕೆ ಪಟಗೋನಿಯಾ ಕರಾವಳಿಯಲ್ಲಿರುವ ಪೆಂಗ್ವಿನ್ ತಾಣ. ಸಿಗುವುದು ಒಂದೇ ದಿನ. ರಂಗನತಿಟ್ಟಿನಲ್ಲಿ ದೋಣಿಯಿಂದ ಹಕ್ಕಿ ಫೋಟೋ ತೆಗೆದು ಅಭ್ಯಾಸ, ಹಾಗಾಗಿ ದೂರದ್ದನ್ನು ಹತ್ತಿರ ತರುವ ದೊಡ್ಡ 150-600 ಲೆನ್ಸ್ ಇದೆ, ಟ್ರೈಪಾಡ್ ಇದೆ. ಎರಡನ್ನೂ ಹೊತ್ತುಕೊಂಡು ಹೋಗಲಾ? ಆ ಹೊತ್ತಿಗೆ ಮರಿಗಳು ಇರುತ್ತವಾ?

ಬೇಲೆಕೇರಿ_ಹುಡುಗ:
ಟ್ರೈಪಾಡ್ ಬಿಟ್ಟುಬಿಡಿ ಸರ್. ಅಲ್ಲಿ ನಡೆಯುವ ದಾರಿಯ ಪಕ್ಕದಲ್ಲೇ ಪೊದೆಗಳ ಕೆಳಗೆ ಬಿಲ ತೋಡಿಕೊಂಡಿರುತ್ತವೆ, ದಾರಿಯನ್ನೂ ಅವೇ ದಾಟುತ್ತಿರುತ್ತವೆ, ಮೂರು ಕಾಲು ಹರಡಿ ನಿಲ್ಲಿಸಿದರೆ ಅವುಗಳ ಓಡಾಟಕ್ಕೇ ಅಡ್ಡ. ಎಷ್ಟೋ ಸಲ ನೀವು ಸುಮ್ನೆ ನಿಂತಿದ್ದರೂ ಅವೇ ಹತ್ತಿರ ಬರುತ್ತವೆ, ಆಗ ನಿಮ್ಮ ದೊಡ್ಡ ಲೆನ್ಸ್‌ಗೆ ಫೋಕಸ್ಸೇ ಸಿಗುವುದಿಲ್ಲ. ನಾನು ಡಿಸೆಂಬರ್‌ನಲ್ಲಿ ಹೋದಾಗ ಮುಕ್ಕಾಲು ಫೋಟೋ ತೆಗೆದದ್ದು ಹತ್ತಿರದ್ದಕ್ಕೆ ಒಗ್ಗುವ ಚಿಕ್ಕ 24-70 ಲೆನ್ಸ್‌ನಲ್ಲಿ. ಮರಿ ಇರುತ್ತವೆ, ಆದರೆ ಚಿಕ್ಕವು. ಅಕ್ಟೋಬರ್‌ನಲ್ಲಿ ಮೊಟ್ಟೆ ಇಡುತ್ತವೆ, ಸುಮಾರು 40 ದಿನಕ್ಕೆ ಮರಿ, ಹಾಗಾಗಿ ನೀವು ಹೋಗುವಾಗ ಅಪ್ಪನದೋ ಅಮ್ಮನದೋ ಹೊಟ್ಟೆಯಡಿ ಇರುತ್ತವೆ. ಗುಟುಕು ಕೊಡಲು ಎದ್ದಾಗ ಮಾತ್ರ ಕಾಣುವುದು. ಒಂದೇ ಬಿಲದ ಎದುರು ತಾಳ್ಮೆಯಿಂದ ಕೂರಿ.

ಇನ್ನೊಂದು, ಗಾಳಿ. ಪಟಗೋನಿಯಾದ ಗಾಳಿ, ಧೂಳು ಅಂದರೆ ಹೇಳುವುದು ಬೇಡ. ಅಲ್ಲಿ ಲೆನ್ಸ್ ಬದಲಾಯಿಸಬೇಡಿ, ನನ್ನ ಸೆನ್ಸರ್ ಮೇಲೆ ಕೂತ ಚುಕ್ಕೆಗಳು ಊರಿಗೆ ಬಂದ ಮೇಲೇ ಹೋಗಿದ್ದು. ಟ್ರೆಲೆವ್‌ನಿಂದ ನೂರು ಕಿಲೋಮೀಟರ್‌ಗಿಂತ ಜಾಸ್ತಿ, ಕೊನೆಯಲ್ಲಿ ಜಲ್ಲಿ ರಸ್ತೆ, ಪೆಟ್ರೋಲ್ ತುಂಬಿಸಿಕೊಂಡೇ ಹೊರಡಿ.

ನೆರಳುಬೆಳಕು:
ಲೆನ್ಸ್ ವಿಷಯದಲ್ಲಿ ನಾನು ಒಪ್ಪುವುದಿಲ್ಲ. ತೀರಕ್ಕೆ ಇಳಿಯಲು ಬಿಡುವುದಿಲ್ಲ, ಪೆಂಗ್ವಿನ್‌ಗಳು ನೀರಿನಿಂದ ಗುಂಪಾಗಿ ಎದ್ದು ಬರುವುದನ್ನು ದೂರದಿಂದಲೇ ತೆಗೆಯಬೇಕು, ಅದಕ್ಕೆ ಉದ್ದ ಲೆನ್ಸ್ ಬೇಕೇ ಬೇಕು. ಕಡಲು ಪೂರ್ವಕ್ಕಿದೆ, ಬೆಳಿಗ್ಗೆ ಬಿಸಿಲು ಎದುರಿಗೆ ಹೊಡೆಯುತ್ತದೆ, ಹಾಗಾಗಿ ಮೊದಲು ಬಿಲಗಳು, ಮಧ್ಯಾಹ್ನದ ಮೇಲೆ ತೀರ. ಬಿಸಿಲಲ್ಲಿ ಫೋಟೋದಲ್ಲಿ ಅವುಗಳ ಬಿಳಿ ಹೊಟ್ಟೆ ವಿವರವೇ ಇಲ್ಲದೆ ಬರೀ ಬಿಳಿಯಾಗಿಬಿಡುತ್ತದೆ, ಎಕ್ಸ್‌ಪೋಷರ್ (ಕ್ಯಾಮೆರಾಕ್ಕೆ ಬಿಡುವ ಬೆಳಕು) ಸ್ವಲ್ಪ ಇಳಿಸಿ.

ಫೋಟೋಗಿಂತ ಮುಖ್ಯವಾದದ್ದು ಇದು. ಪೆಂಗ್ವಿನ್ ನಿಮ್ಮನ್ನು ನೋಡಿ ತಲೆಯನ್ನು ಆ ಕಡೆ ಈ ಕಡೆ ತಿರುಗಿಸುತ್ತಿದ್ದರೆ ಮುದ್ದು ಅಂದುಕೊಂಡು ಮುಂದೆ ಹೋಗಬೇಡಿ. ಅದಕ್ಕೆ ಕಸಿವಿಸಿಯಾಗಿದೆ ಅಂತ ಅರ್ಥ, ಹಿಂದೆ ಸರಿಯಿರಿ. ನೀರಿನ ಕಡೆ ಹೊರಟದ್ದನ್ನಂತೂ ತಡೆಯಲೇಬೇಡಿ. 2019ರ ಜನವರಿ 19ರಂದು ಅಲ್ಲಿ ನೆರಳಲ್ಲೇ 44 ಡಿಗ್ರಿ ಬಿಸಿಲಿತ್ತು, ಆ ಒಂದೇ ದಿನ 354 ಪೆಂಗ್ವಿನ್ ಸತ್ತವು. ಎಷ್ಟೋ ದೊಡ್ಡವು ನೀರು ಮುಟ್ಟುವ ಮೊದಲೇ ದಾರಿಯಲ್ಲಿ ಬಿದ್ದಿದ್ದವು. ಅದನ್ನು ಓದಿದ ಮೇಲೆ ದಾರಿಗೆ ಅಡ್ಡ ನಿಂತು ಕ್ಲಿಕ್ಕಿಸುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಕಾವೇರಿತೀರ:
ತಲೆ ತಿರುಗಿಸುವ ವಿಷಯ ನನಗೆ ಗೊತ್ತೇ ಇರಲಿಲ್ಲ, ಇಬ್ಬರಿಗೂ ಥ್ಯಾಂಕ್ಸ್. ಟ್ರೈಪಾಡ್ ಮನೆಯಲ್ಲೇ ಇರಲಿ. ಗೆಳೆಯನ ಹತ್ತಿರ ಇನ್ನೊಂದು ಕ್ಯಾಮೆರಾ ಬಾಡಿ ಇದೆ, ಅದನ್ನು ಕೇಳಿ ಎರಡು ಲೆನ್ಸನ್ನೂ ಹೋಟೆಲ್‌ನಲ್ಲೇ ಹಾಕಿಕೊಂಡು ಹೊರಡುತ್ತೇನೆ.