ಓದುಗರ ಸ್ಪಂದನ: ಅವಧಿಗೆ ಮುಂಚೆ ಬಡ್ತಿ ಸಿಗುತ್ತದೆಯೇ?

ಕಳೆದ ಸಂಚಿಕೆಯ ಪ್ರಶ್ನೆ: ಎಂ.ಡಿ. ಮುಗಿಸಿ ಸಹಾಯಕ ಪ್ರಾಧ್ಯಾಪಕಿಯಾಗಿ ಮೂರು ವರ್ಷವಾಯಿತು. ಐದು ಲೇಖನ ಪ್ರಕಟವಾಗಿವೆ. ಈಗಲೇ ಸಹ ಪ್ರಾಧ್ಯಾಪಕಿ ಹುದ್ದೆ ಕೇಳಬಹುದೇ?

ಮೇಡಂ, ಐದಲ್ಲ, ಹದಿನೈದು ಲೇಖನವಿದ್ದರೂ ಎಂ.ಡಿ., ಎಂ.ಎಸ್. ಆದವರಿಗೆ ಎನ್‌ಎಂಸಿ (ರಾಷ್ಟ್ರೀಯ ವೈದ್ಯಕೀಯ ಆಯೋಗ) ಹೇಳುವ 4 ವರ್ಷಗಳ ಸಹಾಯಕ ಪ್ರಾಧ್ಯಾಪಕ ಅನುಭವ ತಪ್ಪುವುದಿಲ್ಲ. ಅದಕ್ಕೂ ಮುಂಚೆ ಸೀನಿಯರ್ ರೆಸಿಡೆಂಟ್ (ಹಿರಿಯ ನಿವಾಸಿ ವೈದ್ಯೆ) ಆಗಿದ್ದ ಅವಧಿಯೂ ಇದಕ್ಕೆ ಸೇರದು. ಎಂ.ಡಿ., ಎಂ.ಎಸ್. ನಂತರದ ಡಿ.ಎಂ. ಅಥವಾ ಎಂ.ಸಿಎಚ್. ಮಾಡಿ ಆ ಸೂಪರ್ ಸ್ಪೆಷಾಲಿಟಿ ವಿಭಾಗದಲ್ಲೇ ಪಾಠ ಮಾಡುವವರಿಗೆ ಮಾತ್ರ 2 ವರ್ಷ. ಅವಧಿ ಕಡಿಮೆ ಮಾಡಿಸಲು ಓಡಾಡುವುದು ಬಿಡಿ. 4 ವರ್ಷ ತುಂಬಿದ ಮರುದಿನವೇ ಅರ್ಜಿ ಕೊಡುವಂತೆ ಫೈಲು ಕಟ್ಟಿಟ್ಟುಕೊಳ್ಳಿ. ಎಷ್ಟೋ ಒಳ್ಳೆಯ ಅಧ್ಯಾಪಕರು ವರ್ಷಗಳನ್ನು ಕಳೆದುಕೊಳ್ಳುವುದು ಫೈಲು ಸಿದ್ಧವಿಲ್ಲದೆಯೇ, ಅದು ನಿಜಕ್ಕೂ ನೋವಿನ ವಿಷಯ.
— ಪ್ರಾಧ್ಯಾಪಕರು, ಸರಸ್ವತಿಪುರಂ, ಮೈಸೂರು

ನಿಮ್ಮ ಐದರಲ್ಲಿ ಲೆಕ್ಕಕ್ಕೆ ಬರುವುದೆಷ್ಟು ಎಂದು ಮೊದಲು ನೋಡಿ. ಬೇಕಿರುವುದು 2. ಎನ್‌ಎಂಸಿ ನಿಯಮದಂತೆ ಮೂಲ ಸಂಶೋಧನೆ, ಸಿಸ್ಟಮ್ಯಾಟಿಕ್ ರಿವ್ಯೂ (ಹಿಂದಿನ ಅಧ್ಯಯನಗಳ ಕ್ರಮಬದ್ಧ ಪರಾಮರ್ಶೆ), ಮೆಟಾ ಅನಾಲಿಸಿಸ್ (ಹಲವು ಅಧ್ಯಯನಗಳ ಅಂಕಿಅಂಶ ಸೇರಿಸಿದ ವಿಶ್ಲೇಷಣೆ), ಕೇಸ್ ಸೀರೀಸ್ (ಹಲವು ರೋಗಿಗಳ ವರದಿ) ಮಾತ್ರ ನಡೆಯುತ್ತವೆ. ಒಂದೇ ರೋಗಿಯ ಕೇಸ್ ರಿಪೋರ್ಟ್, ಸಂಪಾದಕರಿಗೆ ಬರೆದ ಪತ್ರ ನಡೆಯುವುದಿಲ್ಲ. ಲೇಖಕರ ಸಾಲಿನಲ್ಲಿ ಮೊದಲ ಮೂವರಲ್ಲಿ ನಿಮ್ಮ ಹೆಸರಿರಬೇಕು, ಇಲ್ಲವೇ ನೀವು ಕರೆಸ್ಪಾಂಡಿಂಗ್ ಆಥರ್ (ಜರ್ನಲ್ ಜೊತೆ ಪತ್ರವ್ಯವಹಾರ ಮಾಡುವ ಲೇಖಕಿ) ಆಗಿರಬೇಕು. ಬರೀ ನಾಲ್ಕನೆಯ ಹೆಸರಾಗಿ ಸೇರಿಸಿಕೊಂಡ ಲೇಖನದಿಂದ ಬಡ್ತಿಗೆ ಉಪಯೋಗವಿಲ್ಲ.

ಇನ್ನು ಜರ್ನಲ್. ಅದು ಮೆಡ್‌ಲೈನ್, ಸ್ಕೋಪಸ್‌ನಂಥ ಮಾನ್ಯ ಸೂಚಿಯಲ್ಲಿ (ಆಯ್ದ ಜರ್ನಲ್‌ಗಳ ಪಟ್ಟಿ) ಇರಬೇಕು. ಹೆಚ್ಚು ಏಟು ಬೀಳುವುದು ಇಲ್ಲೇ. ಪಬ್‌ಮೆಡ್ ಎಂಬ ಹುಡುಕು ತಾಣದಲ್ಲಿ ಹುಡುಕಿದರೆ ಲೇಖನ ಸಿಕ್ಕಿತು ಎಂದ ಮಾತ್ರಕ್ಕೆ ಜರ್ನಲ್ ಮೆಡ್‌ಲೈನ್‌ನಲ್ಲಿದೆ ಎಂದರ್ಥವಲ್ಲ; ಎನ್‌ಎಲ್‌ಎಂ (ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ) ಕ್ಯಾಟಲಾಗ್‌ನಲ್ಲಿ ಆ ಜರ್ನಲ್‌ನ ಪುಟ ತೆರೆದು, ಈಗ ಮೆಡ್‌ಲೈನ್‌ಗೆ ಸೇರಿದೆ ಎಂಬ ಸಾಲಿದೆಯೇ ಓದಿ. ಸ್ಕೋಪಸ್ ಆದರೆ ಜರ್ನಲ್‌ನ ಸೋರ್ಸ್ ಪುಟದಲ್ಲಿ ಅದು ಯಾವ ವರ್ಷದಿಂದ ಯಾವ ವರ್ಷದವರೆಗೆ ಪಟ್ಟಿಯಲ್ಲಿದೆ ಎಂದು ಬರೆದಿರುತ್ತದೆ. 2021ಕ್ಕೇ ಕೈಬಿಟ್ಟ ಜರ್ನಲ್‌ನ ಜಾಲತಾಣದಲ್ಲಿ ಸ್ಕೋಪಸ್ ಲಾಂಛನ ಇನ್ನೂ ಹೊಳೆಯುತ್ತಿರಬಹುದು, ಅದನ್ನು ನಂಬಬೇಡಿ. ಲೇಖನ ಅಚ್ಚಾದ ವಾರವೇ ಆ ಪುಟವನ್ನು ದಿನಾಂಕ ಕಾಣುವಂತೆ ಪ್ರಿಂಟ್ ತೆಗೆದು ಲೇಖನದ ಹಿಂದೆ ಪಿನ್ ಮಾಡಿಡಿ. ಎರಡು ವರ್ಷದ ನಂತರ ಪರಿಶೀಲನೆಗೆ ಕೂತವರ ಮುಂದೆ ಮಾತಾಡುವುದು ಆ ಹಾಳೆ.
— ಸಂಶೋಧನಾ ಸಮಿತಿ ಸದಸ್ಯೆ, ಮಂಡ್ಯ

ಎರಡು ಕೋರ್ಸ್ ಮರೆಯಬೇಡಿ: ವೈದ್ಯಕೀಯ ಶಿಕ್ಷಣ ತಂತ್ರಜ್ಞಾನದ ಮೂಲ ತರಬೇತಿ, ಬಿಸಿಬಿಆರ್ (ಜೈವಿಕ ವೈದ್ಯಕೀಯ ಸಂಶೋಧನೆಯ ಮೂಲ ಕೋರ್ಸ್). ಬಿಸಿಬಿಆರ್ ಪಾಠ ಆನ್‌ಲೈನ್‌ನಲ್ಲೇ ನಡೆದರೂ ಪರೀಕ್ಷೆಗೆ ಬೇರೆ ನೋಂದಣಿ ಆಗಬೇಕು. ವಿಡಿಯೋ ಎಲ್ಲ ನೋಡಿ ನೋಂದಣಿ ದಿನಾಂಕ ತಪ್ಪಿಸಿಕೊಂಡರೆ ಮುಂದಿನ ಸುತ್ತಿನವರೆಗೆ ಕಾಯಬೇಕು. ಕಾಲೇಜು ಬದಲಿಸಿದ್ದರೆ ರಿಲೀವಿಂಗ್ ಆರ್ಡರ್ ಮತ್ತು ಸೇರಿಕೆ ಆದೇಶದ ದಿನಾಂಕಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ನಡುವೆ ಬಿಟ್ಟ ದಿನಗಳನ್ನು ಅನುಭವದಿಂದ ಕಳೆಯಿರಿ.

ಅರ್ಹತೆ ಬೇರೆ, ಹುದ್ದೆ ಬೇರೆ. ಸರ್ಕಾರಿ ಸಂಸ್ಥೆಯಲ್ಲಿ ಮಂಜೂರಾದ ಹುದ್ದೆ ಖಾಲಿ ಇರಬೇಕು, ಮೀಸಲಾತಿ ರೋಸ್ಟರ್ (ಯಾವ ಹುದ್ದೆ ಯಾವ ವರ್ಗಕ್ಕೆ ಎಂಬ ಸರದಿ ಪಟ್ಟಿ) ನಿಮಗೆ ಹೊಂದಬೇಕು. ನಿಮ್ಮ ವಿಭಾಗದ ಜ್ಯೇಷ್ಠತಾ ಪಟ್ಟಿ ಮತ್ತು ಖಾಲಿ ಹುದ್ದೆಗಳ ವಿವರವನ್ನು ಎಸ್ಟಾಬ್ಲಿಷ್‌ಮೆಂಟ್ ಸೆಕ್ಷನ್‌ಗೆ (ಸಿಬ್ಬಂದಿ ಕಡತ ನೋಡಿಕೊಳ್ಳುವ ವಿಭಾಗ) ಲಿಖಿತವಾಗಿ ಈಗಲೇ ಕೇಳಿ, ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ.
— ನಿವೃತ್ತ ಆಡಳಿತ ಸಿಬ್ಬಂದಿ, ಮೈಸೂರು